ಕಾರ್ಡ್ ಜೇಬಿನಲ್ಲೇ ಇದ್ದು ಹಣ ಹೋದಾಗ ಮಾಡಬೇಕಾದದ್ದು

ಮಂಡ್ಯದಲ್ಲಿರುವ ನಮ್ಮ ಚಿಕ್ಕಪ್ಪ ಒಂದು ಶನಿವಾರ ಬೆಳಗ್ಗೆ ಹಾಲು ತಂದಿಟ್ಟು ಫೋನ್ ನೋಡಿದಾಗ, ರಾತ್ರಿ ಎರಡೂವರೆಯ ಸುಮಾರಿಗೆ ಬಂದ ಮೂರು ಸಂದೇಶಗಳಿದ್ದವು. ಮೊದಲನೆಯದು ಒಂದು ಡಾಲರಿನ ವಹಿವಾಟು, ಉಳಿದೆರಡು ಸಾವಿರಗಳ ಲೆಕ್ಕದವು. “ಕಾರ್ಡು ನನ್ ಜೇಬಲ್ಲೇ ಅದೆ ಕಣಪ್ಪ, ದುಡ್ಡು ಹೆಂಗ್ ಹೋಯ್ತದೆ?” ಎಂದು ಅವರು ನನಗೆ ಫೋನ್ ಮಾಡಿದ್ದು ಹತ್ತು ಗಂಟೆಗೆ, ಬ್ಯಾಂಕಿನ ಬಾಗಿಲಲ್ಲಿ ನಿಂತು. ಅಂದು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಅಷ್ಟರಲ್ಲಿ ನಾಲ್ಕನೆಯ ವಹಿವಾಟೂ ಆಗಿಹೋಗಿತ್ತು.

ಕಳ್ಳನಿಗೆ ಪ್ಲಾಸ್ಟಿಕ್ ಕಾರ್ಡ್ ಬೇಕಿಲ್ಲ. ಅದರ ಮೇಲಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು-ವರ್ಷ ಮತ್ತು ಸಿವಿವಿ (ಸಾಮಾನ್ಯವಾಗಿ ಹಿಂಬದಿಯಲ್ಲಿರುವ ಮೂರಂಕಿಯ ಸಂಖ್ಯೆ) ಸಿಕ್ಕರೆ ಸಾಕು. ನಮ್ಮ ದೇಶದೊಳಗಿನ ಆನ್‌ಲೈನ್ ಖರೀದಿಗೆ ಸಾಮಾನ್ಯವಾಗಿ ಒಟಿಪಿ ಕೇಳುತ್ತಾರಾದರೂ ಹಲವು ವಿದೇಶಿ ತಾಣಗಳು ಅದಿಲ್ಲದೆಯೇ ಹಣ ಕಡಿತ ಮಾಡಿಕೊಳ್ಳಬಲ್ಲವು. ಮೊದಲು ಬರುವ ಸಣ್ಣ ಮೊತ್ತ ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ನೋಡುವ ಪರೀಕ್ಷೆಯಾಗಿರುತ್ತದೆ. ಆದ್ದರಿಂದ ಹತ್ತು ರೂಪಾಯಿಯ ಅಪರಿಚಿತ ವಹಿವಾಟನ್ನೂ ಹಗುರವಾಗಿ ಕಾಣಬಾರದು.

ಎಲ್ಲಕ್ಕಿಂತ ಮೊದಲು ಕಾರ್ಡನ್ನು ಬ್ಲಾಕ್ ಮಾಡಿಸಿ. ಬ್ಯಾಂಕಿನ ಆ್ಯಪ್‌ನಲ್ಲಿ ಒಂದೆರಡು ನಿಮಿಷದ ಕೆಲಸವದು. ಆ್ಯಪ್ ಇಲ್ಲದವರು ಕಾರ್ಡಿನ ಹಿಂಬದಿಯಲ್ಲಿ ಮುದ್ರಿಸಿರುವ ಸಂಖ್ಯೆಗೆ ಕರೆ ಮಾಡಬೇಕು. ಗೂಗಲ್‌ನಲ್ಲಿ ಗ್ರಾಹಕ ಸೇವಾ ಸಂಖ್ಯೆ ಹುಡುಕಲು ಹೋಗಬೇಡಿ, ಗಾಬರಿಯಲ್ಲಿರುವವರಿಗಾಗಿಯೇ ಅಲ್ಲಿ ನಕಲಿ ಸಂಖ್ಯೆಗಳನ್ನು ಹಾಕಿರುತ್ತಾರೆ. ಪಿನ್ ಬದಲಾಯಿಸಿದರೆ ಸಾಕೆಂದು ಹಲವರು ತಿಳಿದಿದ್ದಾರೆ, ಆದರೆ ಕಾರ್ಡ್ ಸಂಖ್ಯೆಯೂ ಸಿವಿವಿಯೂ ಹಾಗೆಯೇ ಉಳಿಯುವುದರಿಂದ ಅದರಿಂದ ರಕ್ಷಣೆಯಿಲ್ಲ. ಹೊಸ ಸಂಖ್ಯೆಯ ಕಾರ್ಡನ್ನೇ ಪಡೆಯಬೇಕು. ಕರೆ ಮುಗಿಸುವ ಮುನ್ನ ದೂರಿನ ಸಂಖ್ಯೆಯನ್ನು ಕೇಳಿ, ಸಮಯದೊಂದಿಗೆ ಬರೆದಿಟ್ಟುಕೊಳ್ಳಿ. ಮುಂದಿನ ಇಡೀ ವ್ಯವಹಾರ ಈ ಒಂದು ಸಾಲಿನ ಮೇಲೆ ನಿಲ್ಲುತ್ತದೆ.

ಏಕೆಂದರೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು ನಷ್ಟ ಯಾರದು ಎಂಬುದನ್ನು ದೂರು ಕೊಟ್ಟ ಸಮಯದ ಮೇಲೆ ನಿರ್ಧರಿಸುತ್ತದೆ. ತಪ್ಪು ಬ್ಯಾಂಕಿನದೂ ಅಲ್ಲದೆ, ಗ್ರಾಹಕರದೂ ಅಲ್ಲದೆ, ಹೊರಗೆಲ್ಲೋ ಮಾಹಿತಿ ಸೋರಿ ಹಣ ಹೋಗಿದ್ದರೆ, ಬ್ಯಾಂಕಿನಿಂದ ಸಂದೇಶ ಬಂದ ದಿನವನ್ನು ಬಿಟ್ಟು ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಯಾವ ಹೊಣೆಯೂ ಇಲ್ಲ. ನಾಲ್ಕರಿಂದ ಏಳನೆಯ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಯವರು ಹೆಚ್ಚೆಂದರೆ 10,000 ರೂಪಾಯಿ ಹೊರಬೇಕಾಗುತ್ತದೆ. ಆಮೇಲೆ ಆಯಾ ಬ್ಯಾಂಕಿನ ನೀತಿಯೇ ಅನ್ವಯ. ದಸರಾದಂಥ ಬ್ಯಾಂಕ್ ರಜೆಗಳು ಈ ಎಣಿಕೆಗೆ ಸೇರುವುದಿಲ್ಲವಾದರೂ, ಕಾಯುತ್ತ ಕುಳಿತರೆ ಉಳಿದ ಹಣವೂ ಹೋಗುತ್ತದೆ.

ಒಟಿಪಿಯನ್ನು ನಾವೇ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ನಾಚಿಕೆಯಿಂದ ಮನೆಯವರಿಗೂ ಹೇಳದೆ ಮುಚ್ಚಿಟ್ಟವರನ್ನು ನಾನು ಕಂಡಿದ್ದೇನೆ. ಅವರಿಗೆ ನಾನು ಕೈಮುಗಿದು ಹೇಳುವುದಿಷ್ಟೇ, ಮೋಸಹೋಗಿರುವುದು ನೀವು, ಮೋಸ ಮಾಡಿದವರಲ್ಲ, ಈಗಲೇ ಫೋನ್ ಮಾಡಿ.

ಬ್ಯಾಂಕಿಗೆ ಕರೆ ಮಾಡಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಜಿಗಿಯುವ ಮೊದಲೇ ಅದನ್ನು ತಡೆಹಿಡಿಯುವಂತೆ ಬ್ಯಾಂಕುಗಳಿಗೆ ಸೂಚನೆ ಹೋಗುವುದು ಇಲ್ಲಿಂದ. ಕಾರ್ಡಿನ ಕೊನೆಯ ನಾಲ್ಕು ಅಂಕಿ, ಮೊತ್ತ, ಸಮಯ, ವಹಿವಾಟಿನ ಉಲ್ಲೇಖ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಕರೆ ಮಾಡಿದರೆ ತಡವರಿಸಬೇಕಾಗುವುದಿಲ್ಲ. ಸಂದೇಶಗಳನ್ನು ಅಳಿಸಬೇಡಿ. ಮೈಸೂರಿನಲ್ಲೂ ಮಂಡ್ಯದಲ್ಲೂ ಇಂಥ ಪ್ರಕರಣಗಳನ್ನು ನೋಡಿಕೊಳ್ಳುವ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗಳಿವೆ.

ಶಾಖೆ ತೆರೆದ ದಿನ ಲಿಖಿತ ದೂರು ಕೊಟ್ಟು, ಅದರ ಪ್ರತಿಯ ಮೇಲೆ ದಿನಾಂಕದೊಡನೆ ಮೊಹರು ಹಾಕಿಸಿಕೊಳ್ಳಿ. “ಫೋನಿನಲ್ಲಿ ಹೇಳಿದ್ದೀರಲ್ಲ, ಸಾಕು” ಎಂದರೂ ಬಿಡಬೇಡಿ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು ಎಂದು ಅದೇ ಸುತ್ತೋಲೆ ಹೇಳುತ್ತದೆ. ಗ್ರಾಹಕರದೇ ತಪ್ಪೆಂದು ಸಾಬೀತುಪಡಿಸುವ ಹೊಣೆಯೂ ಬ್ಯಾಂಕಿನದೇ. 30 ದಿನಗಳಾದರೂ ಉತ್ತರವಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು.

ಡೆಬಿಟ್ ಕಾರ್ಡಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅದರ ಕೊನೆಯ ಆರು ಅಂಕಿಗಳು, ಅವಧಿ ಹಾಗೂ ಒಟಿಪಿ ಬಳಸಿ ಯುಪಿಐ ಪಿನ್ ಹೊಂದಿಸಬಹುದಾದ್ದರಿಂದ, ಕಾರ್ಡ್ ಬ್ಲಾಕ್ ಆದಮೇಲೂ ಯುಪಿಐ ಮತ್ತು ನೆಟ್ ಬ್ಯಾಂಕಿಂಗ್ ಪರಿಶೀಲಿಸಿ. ನಿಮ್ಮ ಸಿಮ್ ಕಾರಣವಿಲ್ಲದೆ ಸಿಗ್ನಲ್ ಕಳೆದುಕೊಂಡಿದ್ದರೆ, ಮತ್ತೊಬ್ಬರು ಅದೇ ಸಂಖ್ಯೆಯ ಸಿಮ್ ಪಡೆದಿರುವ ಸಾಧ್ಯತೆಯಿದೆ. ಮನೆಯ ಬೇರೊಬ್ಬರ ಫೋನಿನಿಂದ ತಕ್ಷಣ ಮೊಬೈಲ್ ಕಂಪನಿಗೂ ತಿಳಿಸಿ.

ಹೊಸ ಕಾರ್ಡ್ ಬಂದಾಗ ವಿದೇಶಿ ವಹಿವಾಟನ್ನು ಆಫ್ ಮಾಡಿಯೇ ಇಡಿ, ಆನ್‌ಲೈನ್ ಮಿತಿಯನ್ನು ತಿಂಗಳ ಖರ್ಚಿಗೆ ತಕ್ಕಷ್ಟೇ ಇಳಿಸಿ. ಈ ಸೌಲಭ್ಯವನ್ನು ಎಲ್ಲ ಬ್ಯಾಂಕುಗಳೂ ಕೊಡಲೇಬೇಕೆಂಬ ನಿಯಮ 2020ರಿಂದ ಇದೆ. ಕಾರ್ಡೇ ಕಳೆದುಹೋದರೆ ಹಿಂಬದಿಯ ಸಂಖ್ಯೆಯೂ ಅದರೊಂದಿಗೇ ಹೋಗುತ್ತದೆ. ನಮ್ಮ ಚಿಕ್ಕಪ್ಪ ಈಗ ಅದನ್ನೂ 1930ನ್ನೂ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ, ಕನ್ನಡಕವಿಲ್ಲದೆಯೂ ಕಾಣುವಷ್ಟು ದೊಡ್ಡದಾಗಿ ಬರೆದಿದ್ದಾರೆ.