ಹಳೇ ಫೋಟೊದವರು ನಿಂತ ಜಾಗ ಹುಡುಕ್ಕೊಂಡು

ನಂದು ಗಂಗಾವತಿ, ಮದುವಿ ಫೋಟೊಗ್ರಫಿನೇ ಹೊಟ್ಟಿಪಾಡು. ಸೀಸನ್ ಮುಗದ್ರ ಕ್ಯಾಮೆರಾ ಮುಟ್ಟಾಕ ಮನಸ್ಸಾಗ್ತಿರಲಿಲ್ಲ, ಏನ್ ತಗೀಬೇಕು ಅಂತಾನೇ ಹೊಳೀತಿರಲಿಲ್ಲ. ಆವಾಗ ನೋಡಿದ್ದು ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಾಗ ಹಂಪ್ಯಾಗ ತಗದ ಫೋಟೊಗಳು. ಮೇಣ ಹಚ್ಚಿದ ಕಾಗದಾನೇ ನೆಗೆಟಿವ್! ಒಂದ್ರಾಗ ವಿಠ್ಠಲ ಗುಡಿ ಕಲ್ಲಿನ ರಥದ ಮ್ಯಾಲ ಇಟ್ಟಂಗಿ ಗೋಪುರ ಐತಿ. ಸಣ್ಣಾವಿದ್ದಾಗಿಂದ ನೋಡಿದ ರಥ, 50 ರೂಪಾಯಿ ನೋಟಿನ ಮ್ಯಾಲೂ ಅದೇ ರಥ, ಅದರ ಮ್ಯಾಲ ಮೊದಲ ಗೋಪುರ ಇತ್ತು ಅನ್ನೋದು ಆ ಫೋಟೊ ನೋಡಿದ ಮ್ಯಾಲೇ ಗೊತ್ತಾತು. 1983ರಾಗ ಆಸ್ಟ್ರೇಲಿಯಾದ ಫೋಟೊಗ್ರಾಫರ್ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ನಿಂತ ಜಾಗಗಳನ್ನ ಹುಡುಕಿ ಮತ್ತ ಅವೇ ಫ್ರೇಮ್ ತಗದಾರ. ನಾನೂ ಆನೆಗುಂದಿ ಕಡಿಂದ ಹೊಳಿ ದಾಟಿ ತಳವಾರಘಟ್ಟಕ್ಕ ಹೋಗಿ, ವಿಠ್ಠಲ ಗುಡಿಯಿಂದ ಶುರು ಮಾಡ್ದೆ.

ಮಾಡೋದು ಹಿಂಗ ನೋಡ್ರಿ. ಹಳೇ ಫೋಟೊ ಮೊಬೈಲ್‌ನಾಗ ಇಟ್ಕೊಂಡು, ಅದರಾಗ ಹತ್ರದ್ದೊಂದು ದೂರದ್ದೊಂದು ಗುರುತು ಹಿಡೀರಿ, ಹತ್ರ ಒಂದು ಕಂಬ ಇದ್ರ ದೂರ ಒಂದು ಗುಡ್ಡದ ತುದಿ, ಅವೆರಡೂ ಹಳೇ ಫೋಟೊದಾಗ ಹೆಂಗ ಕೂಡ್ಯಾವೋ ಹಂಗ ಕೂಡೋತನಕ ಎಡಕ್ಕ ಬಲಕ್ಕ ಸರೀರಿ, ಆಮ್ಯಾಲ ಹಿಂದ ಮುಂದ, ಕಡೀಗೆ ಕ್ಯಾಮೆರಾದ ಎತ್ತರ. ಝೂಮ್ ಎಲ್ಲಾ ಆದ ಮ್ಯಾಲ. ಝೂಮ್‌ನಿಂದ ಫ್ರೇಮ್ ಸಣ್ಣದು ದೊಡ್ಡದು ಆಗ್ತೈತಿ ಅಷ್ಟ, ಕಂಬಕ್ಕೂ ಗುಡ್ಡಕ್ಕೂ ಇರೋ ಹೊಂದಿಕಿ ಬದಲಾಗಬೇಕಂದ್ರ ನಿಂತ ಜಾಗಾನೇ ಬದಲಾಗಬೇಕು. ನಮ್ಮ ಕಡೆ ಇದಕ್ಕ ಒಂದು ಅನುಕೂಲ, ಗುಂಡುಗಲ್ಲು ಇದ್ದಲ್ಲೇ ಅದಾವ. ನೆರಳು ಯಾವ ಕಡೆ ಬಿದ್ದೈತಿ ನೋಡಿದ್ರ ಎಷ್ಟೊತ್ತಿಗೆ ತಗದಿರಬೇಕು ಅನ್ನೋ ಅಂದಾಜೂ ಸಿಗ್ತೈತಿ.

ಇದರಿಂದ ನನಗ ಸಿಕ್ಕಿದ್ದು ಹುಮ್ಮಸ್ಸು. ಒಬ್ಬ ಮನುಷ್ಯಾ ದೊಡ್ಡ ಕ್ಯಾಮೆರಾ ಹೊತ್ಕೊಂಡು ಬಂದು ಇಲ್ಲೇ ಯಾಕ ನಿಂತ, ಎರಡು ಹೆಜ್ಜಿ ಆ ಕಡೆ ಯಾಕ ನಿಲ್ಲಲಿಲ್ಲ ಅಂತ ವಿಚಾರ ಮಾಡ್ಕೋತ ನಿಂತ್ರ ಹೊತ್ತು ಹೋಗಿದ್ದೇ ತಿಳಿಯಂಗಿಲ್ಲ.

ಆಮ್ಯಾಲ ಆನೆಗುಂದಿ ಮನಿಗಳಾಗ ಕೇಳಾಕ ಹತ್ತಿದೆ, ಹಳೇ ಫೋಟೊ ಅದಾವೇನ್ರಿ ಅಂತ. ಒಬ್ಬ ಅಮ್ಮ ಟ್ರಂಕಿನ್ಯಾಗಿಂದ ತಮ್ಮ ಮದುವಿ ಫೋಟೊ ತಗದು ಕೊಟ್ಲು, ಅಂಚೆಲ್ಲಾ ಹಳದಿ ಆಗಿತ್ತು, ಹಿಂದ ಮನಿ ಕಟ್ಟಿ, ಕಟ್ಟಿ ಕಲ್ಲಿನ ಮೂಲಿ ಒಡದಿದ್ದು ಸ್ಪಷ್ಟ ಕಾಣ್ತಿತ್ತು. ಆ ಕಲ್ಲು ಈಗೂ ಹಂಗೇ ಐತಿ, ನಾನು ಆ ಒಡದ ಮೂಲಿನೇ ಗುರುತು ಹಿಡಿದೆ. "ಇಲ್ಲೇ ನಿಂತಿದ್ವಿ ತಮ್ಮಾ, ನಿಮ್ಮ ಕಾಕಾ ಆ ಕಡೆ" ಅಂತ ತಾನೇ ಹೋಗಿ ನಿಂತ್ಲು, ಪಕ್ಕದಾಗ ಅವರಿಗೆ ಜಾಗ ಬಿಟ್ಟು. ಆ ಜಾಗ ಖಾಲಿನೇ ಇಟ್ಟು ತಗದೆ. ನಾನು ತಗದ ಫೋಟೊದಾಗ ನನಗ ಭಾಳ ಇಷ್ಟ ಆಗೋದು ಅದೇ.

ಈಗ ಮದುವಿ ಆರ್ಡರ್ ಬಂದ್ರೂ ಮೊದಲ ಕೇಳೋದು ಅಜ್ಜ ಅಜ್ಜಿ ಮದುವಿ ಫೋಟೊ. ಸಿಕ್ಕ್ರ ಹಿಂದಿನ ದಿನಾನೇ ಹೋಗಿ ಆ ಜಾಗ ಹುಡುಕಿ ಇಟ್ಕೋತೀನಿ, ಮದುಮಕ್ಕಳನ್ನ ಅಲ್ಲೇ ನಿಲ್ಲಸ್ತೀನಿ.