ಸೀಮಿತ ಹಣದಲ್ಲಿ ಗೇಮಿಂಗ್ ಡೆಸ್ಕ್‌ಟಾಪ್ ಆರಿಸುವುದು ಹೇಗೆ?

ಗೇಮಿಂಗ್‌ಗೆಂದು ಡೆಸ್ಕ್‌ಟಾಪ್ ಕೊಳ್ಳಲು ಐವತ್ತು-ಅರವತ್ತು ಸಾವಿರ ರೂಪಾಯಿ ಎತ್ತಿಟ್ಟವರು ಅಂಗಡಿಗೆ ಹೋಗುವ ಮೊದಲು, ತಾವು ಆಡಲಿರುವ ಆಟಗಳ ಪಟ್ಟಿಯನ್ನು ಬರೆದುಕೊಳ್ಳಬೇಕು. ವ್ಯಾಲರಂಟ್‌ನಂತಹ ಆಟ ಸಾಧಾರಣ ಯಂತ್ರದಲ್ಲೂ ಸರಾಗವಾಗಿ ಓಡುತ್ತದೆ; ಸೈಬರ್‌ಪಂಕ್ 2077 ಗ್ರಾಫಿಕ್ಸ್ ಕಾರ್ಡ್‌ನ ಬೆವರಿಳಿಸುತ್ತದೆ. ಜೊತೆಗೆ ಮಾನಿಟರ್ ಯಾವುದೆಂದೂ ಆಗಲೇ ನಿರ್ಧರಿಸಬೇಕು. 1920×1080 ಪರದೆಯಲ್ಲಿ ಸುಮಾರು 21 ಲಕ್ಷ ಪಿಕ್ಸೆಲ್‌ಗಳಿದ್ದರೆ 2560×1440ರಲ್ಲಿ ಸುಮಾರು 37 ಲಕ್ಷ ಇರುತ್ತವೆ. ಅಷ್ಟನ್ನೂ ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೂ, ಅಂದರೆ ಪ್ರತಿ ಫ್ರೇಮ್‌ಗೆ ಹೊಸದಾಗಿ ಬಿಡಿಸಬೇಕಾದದ್ದು ಗ್ರಾಫಿಕ್ಸ್ ಕಾರ್ಡ್ ಆದ್ದರಿಂದ, ಈ ಬಜೆಟ್‌ನಲ್ಲಿ ಮೊದಲನೆಯದೇ ಸೂಕ್ತ.

ಎರಡನೆಯ ಹೆಜ್ಜೆ ಹಣದ ಹಂಚಿಕೆ. ಒಟ್ಟು ಮೊತ್ತದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಗ್ರಾಫಿಕ್ಸ್ ಕಾರ್ಡ್‌ಗೇ ಮೀಸಲಿಡಬೇಕು. 8 ಜಿಬಿ ಮೆಮೊರಿಯ ಆರ್‌ಎಕ್ಸ್ 6600 ಮಟ್ಟದ ಕಾರ್ಡ್ ಇದ್ದರೆ ಹೆಚ್ಚಿನ ಆಟಗಳನ್ನು 1080ಪಿಯಲ್ಲಿ (ಅಂದರೆ 1920×1080ರಲ್ಲಿ) ತೃಪ್ತಿಕರವಾಗಿ ಆಡಬಹುದು. ಇಲ್ಲಿ ಹೆಸರನ್ನು ಪೂರ್ತಿ ಓದುವುದು ಅಗತ್ಯ. ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಲ್ಲಿ 8 ಜಿಬಿ ಮತ್ತು 6 ಜಿಬಿ ಕಾರ್ಡ್‌ಗಳಿದ್ದು, ಎರಡನೆಯದರಲ್ಲಿ ಕಡಿಮೆಯಾಗಿರುವುದು ಮೆಮೊರಿಯಷ್ಟೇ ಅಲ್ಲ, ಲೆಕ್ಕ ಮಾಡುವ ಕೋರ್‌ಗಳೂ ಕಡಿಮೆ. ಇನ್ನು ಜಿಟಿ 710, ಜಿಟಿ 730ಗಳನ್ನು ‘ಗ್ರಾಫಿಕ್ಸ್ ಕಾರ್ಡ್ ಇದೆ’ ಎಂದು ತೋರಿಸಲು ಹಾಕಿರುತ್ತಾರೆಯೇ ಹೊರತು ಅವುಗಳಿಂದ ಇಂದಿನ ಆಟಗಳಿಗೆ ಪ್ರಯೋಜನವಿಲ್ಲ.

ಕಾರ್ಡ್‌ಗೆ ಸದ್ಯಕ್ಕೆ ಹಣ ಸಾಲದಿದ್ದರೆ, ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 5600ಜಿಯಂತಹ ಪ್ರೊಸೆಸರ್‌ನಿಂದ ಆರಂಭಿಸಿ, ಕಾರ್ಡನ್ನು ಮುಂದೆ ಸೇರಿಸುವುದು ನನ್ನ ದೃಷ್ಟಿಯಲ್ಲಿ ಕೆಟ್ಟ ಕಾರ್ಡ್ ಕೊಳ್ಳುವುದಕ್ಕಿಂತ ಮೇಲು. ಇಂತಹ ಪ್ರೊಸೆಸರ್ ಗ್ರಾಫಿಕ್ಸ್‌ಗೂ ಕಂಪ್ಯೂಟರಿನ ರ‍್ಯಾಮನ್ನೇ ಬಳಸುವುದರಿಂದ, 16 ಜಿಬಿಯ ಒಂದೇ ಸ್ಟಿಕ್ ಬದಲು 8 ಜಿಬಿಯ ಎರಡನ್ನು ಹಾಕಿಸಿದರೆ ವೇಗದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಕಾರ್ಡ್ ಇಲ್ಲದೆ ಪರದೆಯ ಮೇಲೆ ಏನೂ ಮೂಡದು.

‘ಐ7 ಗೇಮಿಂಗ್ ಪಿಸಿ’ ಎಂದು ಬಣ್ಣದ ದೀಪಗಳೊಂದಿಗೆ ಅಗ್ಗಕ್ಕೆ ಮಾರುವ ಯಂತ್ರಗಳ ಬಗ್ಗೆ ಎಚ್ಚರವಿರಲಿ. ಅವುಗಳಲ್ಲಿ ಅನೇಕವು 2012ರ ಸುಮಾರಿನ ಮೂರನೇ ತಲೆಮಾರಿನ ಪ್ರೊಸೆಸರ್ ಹೊಂದಿದ್ದು, 2022ರ ಐ3-12100 ಆಟಗಳಲ್ಲಿ ಅವನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಅಷ್ಟು ಹಳೆಯ ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ಅವುಗಳಲ್ಲಿ ಓಡುವ ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಉಳಿತಾಯ ಮಾಡಬಾರದ ಒಂದೇ ಭಾಗವೆಂದರೆ ವಿದ್ಯುತ್ ಪೂರೈಸುವ ಘಟಕ, ಅಂದರೆ ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಪೆಟ್ಟಿಗೆಯ ಮೇಲೆ 500 ವ್ಯಾಟ್ ಎಂದು ಅಚ್ಚಾಗಿದ್ದರೂ ಅದನ್ನು ನಂಬುವಂತಿಲ್ಲ, ಅದು ಕೆಡುವಾಗ ಕಾರ್ಡನ್ನೂ ಮದರ್‌ಬೋರ್ಡನ್ನೂ ಜೊತೆಗೆ ಕೊಂಡೊಯ್ಯಬಹುದು. ವಿದ್ಯುತ್ ದಕ್ಷತೆಗೆ ಕೊಡುವ 80 ಪ್ಲಸ್ ಬ್ರಾಂಜ್ ಪ್ರಮಾಣಪತ್ರವಿರುವ, ಹೆಸರಾಂತ ಕಂಪನಿಯ 550 ವ್ಯಾಟ್‌ನದು ಈ ಬಜೆಟ್‌ಗೆ ಸಾಕು. ಕ್ಯಾಬಿನೆಟ್ ಗಾಳಿಯಾಡುವಂತಿದ್ದರಾಯಿತು, ದೀಪಗಳಿಗೆ ಹಣ ಬೇಡ. ಸ್ಟೋರೇಜ್‌ಗೆ ಎಸ್‌ಎಸ್‌ಡಿಯೇ ಇರಲಿ.

ಕಂಪ್ಯೂಟರ್ ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನಲ್ಲಾಗಲಿ, ಎರಡು ಮೂರು ಅಂಗಡಿಗಳಿಂದ ಬಿಡಿಭಾಗವಾರು ಕೊಟೇಶನ್ ಪಡೆಯಿರಿ. ‘16 ಜಿಬಿ ರ‍್ಯಾಮ್’ ಎಂದಷ್ಟೇ ಬರೆದುಕೊಟ್ಟರೆ ಒಪ್ಪದೆ, ಕಂಪನಿ ಮತ್ತು ಮಾದರಿಯ ಹೆಸರನ್ನು ಬರೆಸಿಕೊಳ್ಳಿ. ಬಿಲ್ ಇಲ್ಲದೆ ಕಡಿಮೆ ಬೆಲೆಗೆ ಕೊಡುತ್ತೇವೆಂದರೆ ಬೇಡವೆನ್ನಿ. ವಾರಂಟಿ ಕೇಳಲು ಹೋದಾಗ ಬೇಕಾಗುವುದು ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ಲೇ.

ಮನೆಗೆ ತಂದ ಮೇಲೆ, ಕಾರ್ಡ್ ಹಾಕಿಸಿದ್ದರೆ, ಮಾನಿಟರ್ ಕೇಬಲನ್ನು ಮದರ್‌ಬೋರ್ಡ್‌ಗಲ್ಲ, ಗ್ರಾಫಿಕ್ಸ್ ಕಾರ್ಡ್‌ಗೇ ಸಿಕ್ಕಿಸಬೇಕು. ರ‍್ಯಾಮ್ ತನ್ನ ಪೂರ್ಣ ವೇಗದಲ್ಲಿ ಓಡಲು, ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್ ಆದ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆಯ್ಕೆಯನ್ನು ಆನ್ ಮಾಡಬೇಕಾಗುತ್ತದೆ. ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುವ 144 ಹರ್ಟ್ಜ್‌ನ ಮಾನಿಟರ್ ಕೊಂಡಿದ್ದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಆ ಸಂಖ್ಯೆಯನ್ನು ಆರಿಸಲು ಮರೆಯಬೇಡಿ, ಏಕೆಂದರೆ ಹಲವು ಬಾರಿ ಅದು 60ರಲ್ಲೇ ನಿಂತಿರುತ್ತದೆ.