ದೇವರ ವಾಕ್ಯ ಹೇಳುವವನ ಕೈಗೆ ಹಣ ಬೇಡ: ನನ್ನ ಅನುಭವ

ನಾನು ಒಂದು ಕ್ರೈಸ್ತ ಸಭೆಯ ಪಾಸ್ಟರ್. ಜನ ಕಾಣಿಕೆ ಹಾಕುವ ಚೀಲ ಪಾಸ್ಟರ್ ಕೈಯಲ್ಲಿ ಇರಬಾರದು. ಸಹಾಯಕ್ಕೂ ಪ್ರಾರ್ಥನೆಗೂ ಗಂಟು ಹಾಕಬಾರದು. ನಮ್ಮ ಹೊಟ್ಟೆಪಾಡು ನಾವೇ ನೋಡಿಕೊಳ್ಳಬೇಕು. ಇಷ್ಟು ಹೇಳಿದ್ದಕ್ಕೆ ನನ್ನ ಹಾಗೇ ಸಭೆ ನಡೆಸುವ ಜೊತೆ ಸೇವಕರು, "ಆರು ತಿಂಗಳಲ್ಲಿ ಸಭೆ ಚದುರಿ ಹೋಗುತ್ತೆ ಬ್ರದರ್" ಅಂದಿದ್ದರು. ಹತ್ತು ವರ್ಷದ ಮೇಲಾಯಿತು. ಸಭೆ ಇದೆ, ಬೆಳೆದಿದೆ, ಯಾರ ಹತ್ತಿರವೂ ಸಾಲ ಇಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ನೀವೂ ಸೇವೆಯಲ್ಲೇ ಇರುವವರು, ಬುಡದಿಂದ ಹೇಳಬೇಕಾಗಿಲ್ಲ.

ಮೊದಲು ನಾನೂ ಹೊರಗಿನ ಬೆಂಬಲದ ಮೇಲೇ ಇದ್ದೆ. ತಿಂಗಳಿಗೆ ಒಂದು ಮೊತ್ತ ಬರುತ್ತಿತ್ತು, ಅದರ ಹಿಂದೆಯೇ ಒಂದು ಫಾರಂ. ಎಷ್ಟು ಮನೆ ಭೇಟಿ? ಕ್ರೈಸ್ತ ವಿಶ್ವಾಸಕ್ಕೆ ಸೇರುವವರಿಗೆ ಕೊಡುವ ದೀಕ್ಷಾಸ್ನಾನ ಎಷ್ಟು? ಫೋಟೋ ಎಲ್ಲಿ? ಒಂದು ವರ್ಷ ದೀಕ್ಷಾಸ್ನಾನದ ಕಾಲಂನಲ್ಲಿ ಸೊನ್ನೆ ಬರೆದೆ. ಆ ವರ್ಷ ನಿಜಕ್ಕೂ ಸೊನ್ನೆಯೇ. ಸ್ವಲ್ಪ ದಿನಕ್ಕೆ ದುಡ್ಡು ಅರ್ಧ ಆಯಿತು, ಆಮೇಲೆ ನಿಂತೇ ಹೋಯಿತು.

ವೈರಿಂಗ್ ಕೆಲಸ ನನಗೆ ಮೊದಲೇ ಬರುತ್ತಿತ್ತು. ಬೆಳಗ್ಗೆ ವೈರಿಂಗ್, ಸಂಜೆ ಪ್ರಾರ್ಥನೆ ಕೂಟ ಅಂತ ಮಾಡಿಕೊಂಡೆ. "ವಾಕ್ಯ ಹೇಳೋರು ಏಣಿ ಹತ್ತೋದಾ?" ಅಂತ ಕೆಲವರಿಗೆ ಬೇಜಾರಾಯಿತು. ಬೈಬಲಿನ ಅಪೊಸ್ತಲ ಪೌಲ ಕೊರಿಂಥ ಪಟ್ಟಣದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿದ್ದು ಗುಡಾರ ಮಾಡುವ ಕೆಲಸ ಮಾಡಲಿಲ್ಲವಾ? ಇಂಗ್ಲೆಂಡಿನಿಂದ ಬಂದ ಮಿಷನರಿ ವಿಲಿಯಂ ಕೇರಿ 1794ರಿಂದ ಕೆಲವು ವರ್ಷ ಬಂಗಾಳದಲ್ಲಿ ನೀಲಿ ಬಣ್ಣ ತಯಾರಿಸುವ ಕಾರ್ಖಾನೆ ನೋಡಿಕೊಂಡರು. ಮುಂದೆ ಫೋರ್ಟ್ ವಿಲಿಯಂ ಕಾಲೇಜಿನ ಸಂಬಳದಲ್ಲಿ ಹೆಚ್ಚಿನ ಪಾಲನ್ನು ಮಿಷನ್‌ಗೇ ಕೊಟ್ಟರು. ಹಾಗಂತ ಕಾಣಿಕೆಯಲ್ಲಿ ಬದುಕುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕೊರಿಂಥದವರ ಹತ್ತಿರ ದುಡ್ಡು ಬೇಡ ಅಂದ ಅದೇ ಪೌಲ ಫಿಲಿಪ್ಪಿಯವರು ಕಳಿಸಿದ್ದನ್ನು ಸಂತೋಷವಾಗಿ ತೆಗೆದುಕೊಂಡ. ದುಡ್ಡು ಎಲ್ಲಿ ವಾಕ್ಯಕ್ಕೆ ಅಡ್ಡ ಬರುತ್ತೋ ಅಲ್ಲಿ ಬೇಡ ಅಂದ, ಅಷ್ಟೇ. ನಾನಿದ್ದ ಕಡೆ ಅಡ್ಡ ಬರುತ್ತಿತ್ತು.

ಜಾಸ್ತಿ ಪೆಟ್ಟು ಬಿದ್ದದ್ದು ಸಹಾಯದ ವಿಷಯದಲ್ಲಿ. ಕೂಟಕ್ಕೆ ಬಂದವರಿಗೆ ಮಾತ್ರ ಸಾಮಾನು ಕೊಡುವ ಪದ್ಧತಿ ಇತ್ತು. ಅದನ್ನು ನಿಲ್ಲಿಸಿದೆ. ಅರವತ್ತರ ಹತ್ತಿರ ಇದ್ದ ಜನ ಇಪ್ಪತ್ತಕ್ಕೆ ಬಂದರು, ಕಾಣಿಕೆ ಮೂರನೇ ಒಂದು ಪಾಲಿಗೆ ಇಳಿಯಿತು. ಬಾಡಿಗೆ ಕಟ್ಟಲಿಕ್ಕೆ ನನ್ನ ಕೂಲಿಯೇ ಹೋಗುತ್ತಿತ್ತು. ರೊಟ್ಟಿ ತಿಂದು ತೃಪ್ತರಾದದ್ದಕ್ಕೇ ನನ್ನನ್ನು ಹುಡುಕುತ್ತೀರಿ ಅಂತ ಯೇಸು ಸ್ವಾಮಿ ಜನರಿಗೆ ಹೇಳಿದ್ದು ಬೈಬಲಿನ ಯೋಹಾನ 6ನೇ ಅಧ್ಯಾಯದಲ್ಲಿದೆ. ಎಷ್ಟೋ ಸಲ ಅದರ ಮೇಲೆ ಪ್ರಸಂಗ ಮಾಡಿದ್ದೆ. ಖಾಲಿ ಚಾಪೆಗಳ ಎದುರು ನಿಂತಾಗ ಅದು ಬೇರೆಯೇ ತರ ಅರ್ಥವಾಯಿತು.

ಆಮೇಲೆ ಸಹಾಯವನ್ನು ಮೂರು ಜನರಿಗೆ ಒಪ್ಪಿಸಿದೆ. ಅವರು ಪ್ರಸಂಗ ಮಾಡುವುದಿಲ್ಲ, ಕರಪತ್ರ ಒಯ್ಯುವುದಿಲ್ಲ. ಮನೆಯವರಾಗಿಯೇ ಕೇಳಿದರೆ ಮಾತ್ರ ಪ್ರಾರ್ಥನೆ. ನಾನು ಜೊತೆಗೆ ಹೋಗುವುದಿಲ್ಲ. ಆ ಮೂವರನ್ನು ಹೇಗೆ ಆರಿಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಎದುರು ಕೂತು ಕೇಳಿದವರಿಗೆ ಹೇಳುತ್ತೇನೆ. ಬೇರೆ ಧರ್ಮದ ಒಂದು ಮನೆಯಲ್ಲಿ ಯಜಮಾನರು ಆಸ್ಪತ್ರೆ ಸೇರಿದ್ದರು. ತಿಂಗಳುಗಟ್ಟಲೆ ನೋಡಿಕೊಂಡೆವು. ಅವರು ಇವತ್ತಿಗೂ ಕೂಟಕ್ಕೆ ಬಂದಿಲ್ಲ, ನಾವೂ ಕರೆದಿಲ್ಲ. ಆ ಮನೆಯ ಹುಡುಗ ಈಗ ನನ್ನ ಜೊತೆ ವೈರಿಂಗ್ ಕಲಿಯುತ್ತಿದ್ದಾನೆ. ಯೇಸು ಸ್ವಾಮಿ ವಾಸಿ ಮಾಡಿದ ಹತ್ತು ಕುಷ್ಠರೋಗಿಗಳಲ್ಲಿ ಕೃತಜ್ಞತೆ ಹೇಳಲು ತಿರುಗಿ ಬಂದವನು ಒಬ್ಬನೇ, ಅವನೂ ಹೊರಗಿನವನಾದ ಸಮಾರ್ಯದವನು. ಉಳಿದ ಒಂಬತ್ತು ಜನರಿಗೆ ಕೊಟ್ಟ ಆರೋಗ್ಯವನ್ನು ಸ್ವಾಮಿ ವಾಪಸ್ ತೆಗೆದುಕೊಳ್ಳಲಿಲ್ಲ, ಅಲ್ವಾ?

ಆಸ್ಪತ್ರೆ ಹಾಸಿಗೆ ಮೇಲಿರುವವರ ಹತ್ತಿರ ನಾನು ಯಾವ ತೀರ್ಮಾನವನ್ನೂ ಕೇಳುವುದಿಲ್ಲ. ದೀಕ್ಷಾಸ್ನಾನ ಬೇಕು ಅಂದವರನ್ನು ಒಂದು ವರ್ಷದ ಹತ್ತಿರ ಕಾಯಿಸುತ್ತೇನೆ. ಮನೆಯವರ ಜೊತೆ ಮಾತಾಡದೆ ಮುಂದೆ ಹೋಗಲ್ಲ. ಇದರಿಂದ ಕೆಲವರು ಬೇರೆ ಸಭೆಗೆ ಹೋದರು. ಹೋಗಲಿ. ನಿಂತವರು ಗಟ್ಟಿಯಾಗಿ ನಿಂತಿದ್ದಾರೆ.

ಲೆಕ್ಕಕ್ಕೆ ಬರೋಣ. ಬಡವರಿಗಾಗಿ ಕೂಡಿಸಿದ ದೊಡ್ಡ ಮೊತ್ತವನ್ನು ಪೌಲ ಒಬ್ಬನೇ ಹಿಡಿದುಕೊಳ್ಳಲಿಲ್ಲ, ತನ್ನ ಜೊತೆ ಸೇವಕ ತೀತನ ಸಂಗಡ ಬೇರೆಯವರನ್ನೂ ಕಳಿಸಿದ. ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಅಂತ ಕಾರಣವನ್ನೂ ಬರೆದ. ಬೈಬಲಿನಲ್ಲಿ 2 ಕೊರಿಂಥ 8ನೇ ಅಧ್ಯಾಯ ತೆಗೆದು ನೋಡಿ. ನಮ್ಮಲ್ಲಿ ಕೂಟ ಮುಗಿದ ಕೂಡಲೇ ಚೀಲವನ್ನು ಎಲ್ಲರ ಎದುರಿಗೇ ಚಾಪೆ ಮೇಲೆ ಸುರಿಯುತ್ತೇವೆ. ಇಬ್ಬರು ಎಣಿಸುತ್ತಾರೆ, ಒಬ್ಬರು ಬರೆಯುತ್ತಾರೆ, ಮೂವರೂ ಸಹಿ ಹಾಕುತ್ತಾರೆ. ನನ್ನ ಮನೆಯವರು ಯಾರೂ ಇದರಲ್ಲಿ ಇಲ್ಲ. ತಿಂಗಳ ಲೆಕ್ಕವನ್ನು ಗೋಡೆಗೆ ಅಂಟಿಸುತ್ತಿದ್ದೆವು. ಒಂದು ದಿನ ಅಜ್ಜಿಯೊಬ್ಬರು ಅದರ ಮುಂದೆ ನಿಂತು, "ಪಾಸ್ಟರೇ, ನಂಗೆ ಓದಕ್ಕೆ ಬರಲ್ಲ. ನಾನು ಹಾಕಿದ್ದು ಎಲ್ಲೋಯ್ತು?" ಅಂದರು. ಅವತ್ತೇ ಒಬ್ಬ ಹುಡುಗನ ಕೈಯಲ್ಲಿ ಗಟ್ಟಿಯಾಗಿ ಓದಿಸಿದೆ. ಅಂದಿನಿಂದ ತಿಂಗಳಿಗೊಮ್ಮೆ ಓದುತ್ತೇವೆ. ಕಾಣಿಕೆ ಏರಲು ಶುರುವಾದದ್ದು ಅಲ್ಲಿಂದ.

ನಡುವೆ ಹೆಸರು ಬರೆದ ಕವರ್ ಕೊಟ್ಟೂ ನೋಡಿದೆವು. ಕೆಲವು ವಾರ ದುಡ್ಡು ಜಾಸ್ತಿ ಬಂತು, ಬಡವರು ಬರುವುದು ಕಡಿಮೆಯಾಯಿತು. ಕವರ್ ಬಿಟ್ಟು ಚೀಲಕ್ಕೇ ಬಂದೆವು. ಪ್ರಸಂಗವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ ಉಳಿದ ಹೊತ್ತು ಪ್ರಶ್ನೆಗೆ ಬಿಟ್ಟದ್ದು ಮಾತ್ರ ಇವತ್ತಿಗೂ ನಡೆಯುತ್ತಿದೆ. ಮೊದಲ ಪ್ರಶ್ನೆ ಯಾರೂ ಕೇಳದಿದ್ದಾಗ ಏನು ಮಾಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಈಗ ಬಂದದ್ದರಲ್ಲಿ ಹೆಚ್ಚು ಕಮ್ಮಿ ಅರ್ಧ ಸಹಾಯಕ್ಕೆ ಹೋಗುತ್ತದೆ, ಉಳಿದದ್ದು ಬಾಡಿಗೆ, ಕರೆಂಟ್ ಬಿಲ್ಲು. ನನಗೆ ಅದರಿಂದ ಒಂದು ಪೈಸೆ ಇಲ್ಲ. ನಾನು ಏಣಿ ಮೇಲಿರುವಾಗ ಯಾರಿಗಾದರೂ ಕಷ್ಟ ಬಂದರೆ ಸಭೆಯ ಹಿರಿಯರೇ ಹೋಗುತ್ತಾರೆ, ಸಮಾಧಾನ ಹೇಳುತ್ತಾರೆ, ಪ್ರಾರ್ಥಿಸುತ್ತಾರೆ. ಮೊದಲೆಲ್ಲ ನನ್ನನ್ನೇ ಕಾಯುತ್ತಿದ್ದರು. ಅವತ್ತು "ಚದುರಿ ಹೋಗುತ್ತೆ" ಅಂದವರಲ್ಲಿ ಒಬ್ಬರು ಹೋದ ವರ್ಷ ಬಂದು ನಮ್ಮ ಲೆಕ್ಕದ ಪುಸ್ತಕ ಹೇಗಿದೆ ಅಂತ ನೋಡಿಕೊಂಡು ಹೋದರು. ಅವರೂ ಸಾಮಾನು ಕೊಡುವುದು ನಿಲ್ಲಿಸಿದ್ದರಿಂದ ಅವರ ಸಭೆಯಲ್ಲಿ ಈಗ ಜನ ಕಡಿಮೆಯಾಗಿದ್ದಾರೆ, ನನಗೆ ದಿನಾ ಫೋನ್ ಮಾಡುತ್ತಾರೆ. ಎರಡು ವರ್ಷ ತಡೆದುಕೊಳ್ಳಿ, ಸಾಮಾನು ಕೊಡುವುದಕ್ಕೆ ಮಾತ್ರ ವಾಪಸ್ ಹೋಗಬೇಡಿ ಅಂತ ಹೇಳಿದ್ದೇನೆ.